ಸರ್ಕಾರದ ಖರೀದಿಯೂ ಸಣ್ಣ ಕಾರ್ಖಾನೆಯೂ

ಸರ್ಕಾರವೆಂಬುದು ದೇಶದ ಅತಿ ದೊಡ್ಡ ಗಿರಾಕಿ. ಪೊರಕೆ ಬಕೆಟ್ಟುಗಳಿಂದ ಹಿಡಿದು ರೈಲುಬಂಡಿಯ ಬಿಡಿಭಾಗಗಳವರೆಗೆ ಅದು ಕೊಳ್ಳದ ಸಾಮಾನು ಅಪರೂಪ. ಹತ್ತು ಹನ್ನೆರಡು ಜನ ಕೆಲಸಗಾರರನ್ನಿಟ್ಟುಕೊಂಡ ಸಣ್ಣ ಕಾರ್ಖಾನೆಯವನು ಈ ಗಿರಾಕಿಯ ಬಾಗಿಲಿಗೆ ಬಂದದ್ದು ಹೇಗೆ? ನಮ್ಮ ಆರ್ಥಿಕ ಚರಿತ್ರೆಯಲ್ಲಿ ಅಷ್ಟಾಗಿ ಯಾರ ಕಣ್ಣಿಗೂ ಬೀಳದ ಅಧ್ಯಾಯವಿದು.

ಬ್ರಿಟಿಷರ ಆಳ್ವಿಕೆಯಲ್ಲಿ ಬಹುಕಾಲ ಇಲ್ಲಿನ ಸರ್ಕಾರಕ್ಕೆ ಬೇಕಾದ ಸಾಮಗ್ರಿಯ ದೊಡ್ಡ ಪಾಲನ್ನು ಲಂಡನ್ನಿನ ಇಂಡಿಯಾ ಆಫೀಸಿನ ಮೂಲಕ ತರಿಸಲಾಗುತ್ತಿತ್ತು. 1922ರಲ್ಲಿ ಇಂಡಿಯನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ ಸ್ಥಾಪನೆಯಾದ ತರುವಾಯ ಖರೀದಿಯ ವ್ಯವಹಾರ ಈ ನೆಲಕ್ಕೆ ಇಳಿಯತೊಡಗಿತು. ಆದರೂ ಒಂದೇ ಸಲಕ್ಕೆ ರಾಶಿ ಮಾಲು ಒದಗಿಸುವುದು, ಟೆಂಡರಿನೊಡನೆ ಠೇವಣಿ ಕಟ್ಟುವುದು, ಹಣ ಬರುವವರೆಗೆ ಕಾದು ಕೂರುವುದು ದೊಡ್ಡ ಬಂಡವಾಳದವರಿಗಷ್ಟೇ ಸಾಧ್ಯವಿತ್ತು.

ಫೋರ್ಡ್ ಪ್ರತಿಷ್ಠಾನದ ತಜ್ಞರ ತಂಡವೊಂದು ಸಣ್ಣ ಕೈಗಾರಿಕೆಗಳ ಸ್ಥಿತಿಗತಿಯನ್ನು ಪರಿಶೀಲಿಸಿ 1954ರಲ್ಲಿ ವರದಿ ಕೊಟ್ಟಿತು. ಮರುವರ್ಷವೇ, ಎಂದರೆ 1955ರಲ್ಲಿ, ರಾಷ್ಟ್ರೀಯ ಸಣ್ಣ ಕೈಗಾರಿಕೆಗಳ ನಿಗಮ ಅಸ್ತಿತ್ವಕ್ಕೆ ಬಂತು. ಯಂತ್ರಗಳನ್ನು ಕಂತಿನ ಮೇಲೆ ಕೊಡಿಸುವುದರ ಜೊತೆಗೆ ಸರ್ಕಾರಿ ಆರ್ಡರುಗಳನ್ನು ದೊರಕಿಸುವುದೂ ಅದರ ಕೆಲಸವಾಯಿತು. ಒಮ್ಮೆ ಅದರಲ್ಲಿ ನೋಂದಾಯಿಸಿಕೊಂಡ ಕಾರ್ಖಾನೆಗೆ ಟೆಂಡರು ಪತ್ರ ಉಚಿತ, ಠೇವಣಿಯಿಂದಲೂ ವಿನಾಯಿತಿ. ಕೆಲವು ಪದಾರ್ಥಗಳನ್ನು ಸಣ್ಣವರಿಂದ ಮಾತ್ರ ಕೊಳ್ಳಬೇಕೆಂಬ ನಿಯಮವೂ ಬಂತು. ಬಕೆಟ್ಟು, ಪೊರಕೆ, ಬ್ರಷ್ಷು, ಮುಳ್ಳುತಂತಿ ಇಂಥವು. 2012ರ ಆದೇಶದಲ್ಲಿ ಈ ಪಟ್ಟಿಯ ಸಂಖ್ಯೆ 358.

ಇನ್ನು ಬೆಲೆಯ ಮಾತು. ಹಿಂದಿನ ಪದ್ಧತಿಯಲ್ಲಿ ಸಣ್ಣವನಿಗೆ ಶೇಕಡ 15ರವರೆಗೆ ಬೆಲೆಯ ರಿಯಾಯಿತಿ ಉಂಟು. ದೊಡ್ಡ ಕಂಪನಿ ನೂರು ರೂಪಾಯಿ ಹೇಳಿದಲ್ಲಿ ಸಣ್ಣವನು ನೂರಹದಿನೈದು ಹೇಳಿದರೂ ಅವನಿಂದ ಕೊಳ್ಳಬಹುದಾಗಿತ್ತು. ಹೆಚ್ಚಿನ ಹದಿನೈದು ರೂಪಾಯಿ ಬೊಕ್ಕಸದ್ದು. 2012ರ ಆದೇಶದಲ್ಲಿಯೂ ಅದೇ ಹದಿನೈದರ ಅಂಕಿಯಿದೆ. ಆದರೆ ಅರ್ಥ ತಿರುಗಿದೆ. ನೂರಹದಿನೈದರೊಳಗೆ ಬರೆದವನು ನೂರಕ್ಕೆ ಇಳಿಯಲು ಒಪ್ಪಿದರೆ ಮಾತ್ರ ಅವನಿಗೊಂದು ಪಾಲು. ಕೇಂದ್ರದ ಇಲಾಖೆಗಳೂ ಸಾರ್ವಜನಿಕ ಉದ್ಯಮಗಳೂ ವಾರ್ಷಿಕ ಖರೀದಿಯಲ್ಲಿ ಸಣ್ಣವರಿಗೆ ಮೀಸಲಿಡಬೇಕಾದ ಪಾಲು ಮೊದಲು ಶೇಕಡ 20 ಇದ್ದದ್ದು 2018ರ ತಿದ್ದುಪಡಿಯಿಂದ 25 ಆಯಿತು. ಪಾಲು ಹೆಚ್ಚಿತು, ನಿಜ. ಅದರೊಡನೆ ರಿಯಾಯಿತಿಯ ಭಾರ ಬೊಕ್ಕಸದಿಂದ ಕಾರ್ಖಾನೆಯವನ ಹೆಗಲಿಗೆ ಬಂದದ್ದನ್ನು ಯಾರೂ ಅಷ್ಟಾಗಿ ಎತ್ತಿ ಆಡಲಿಲ್ಲ.

ನಮ್ಮ ಬೆಂಗಳೂರಿನಲ್ಲಿ ಐಟಿಐ, ಎಚ್‌ಎಂಟಿ, ಬಿಇಎಲ್ ಮೊದಲಾದ ಸರ್ಕಾರಿ ಕಾರ್ಖಾನೆಗಳು ಬೆಳೆದಂತೆ ಅವುಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಶೆಡ್ಡುಗಳೂ ಬೆಳೆದವು. ರಾಜ್ಯ ಸರ್ಕಾರದ ಖರೀದಿಗೆ 1999ರ ಪಾರದರ್ಶಕತೆ ಕಾಯಿದೆ ಬಂದು, ಟೆಂಡರುಗಳನ್ನು ಬುಲೆಟಿನ್‌ನಲ್ಲಿ ಪ್ರಕಟಿಸುವುದು ಕಡ್ಡಾಯವಾಯಿತು. ಪರಿಚಯಸ್ಥರ ಕಿವಿಗಷ್ಟೇ ಬೀಳುತ್ತಿದ್ದ ಸುದ್ದಿ ಎಲ್ಲರಿಗೂ ಸಿಗುವಂತಾದದ್ದು ಸಣ್ಣ ಲಾಭವೇನಲ್ಲ. 2016ರಲ್ಲಿ ಕೇಂದ್ರದ ಖರೀದಿಗೆ ಜೆಮ್ ಎಂಬ ಆನ್‌ಲೈನ್ ಮಾರುಕಟ್ಟೆ ತೆರೆಯಿತು. 1922ರ ಇಲಾಖೆಯ ಉತ್ತರಾಧಿಕಾರಿಯಾಗಿದ್ದ ಡಿಜಿಎಸ್ ಅಂಡ್ ಡಿ ಕಚೇರಿಯನ್ನು 2017ರಲ್ಲಿ ಮುಚ್ಚಲಾಯಿತು.

ಆದರೆ ಟೆಂಡರು ಗೆಲ್ಲುವುದು ಒಂದು, ಗೆದ್ದು ಬದುಕುವುದು ಇನ್ನೊಂದು. ಸಾಲ ಮಾಡಿ ಕಬ್ಬಿಣ ಕೊಂಡು, ವಾರವಾರವೂ ಕೂಲಿ ಬಟವಾಡೆ ಮಾಡಿ ಮಾಲು ಒಪ್ಪಿಸಿದವನ ಬಿಲ್ಲು ಮೇಜಿನಿಂದ ಮೇಜಿಗೆ ತಿರುಗುತ್ತಿದ್ದರೆ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ತಡವಾದ ಪಾವತಿಗೆ ಬಡ್ಡಿ ಕೊಡಬೇಕೆಂಬ ಕಾನೂನು ಬಂದದ್ದು 1993ರಲ್ಲಿ, ನಿಗಮ ಹುಟ್ಟಿ ಮೂವತ್ತೆಂಟು ವರ್ಷಗಳಾದ ಮೇಲೆ! 2006ರ ಕಾಯಿದೆ ಅದನ್ನು ಬಿಗಿಗೊಳಿಸಿತು. ಕರಾರಿನಲ್ಲಿ ಏನೇ ಬರೆದಿದ್ದರೂ ನಲವತ್ತೈದು ದಿನಗಳಿಗಿಂತ ಹೆಚ್ಚು ಗಡುವು ಸಲ್ಲದು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ದೂರು ಕೇಳಲು ರಾಜ್ಯದಲ್ಲಿ ಫೆಸಿಲಿಟೇಷನ್ ಕೌನ್ಸಿಲ್ ಉಂಟು. ಅದರ ತೀರ್ಪನ್ನು ರದ್ದುಮಾಡಿಸಲು ಕೋರ್ಟಿಗೆ ಹೋಗುವ ಕೊಂಡವನು ಮೊದಲು ಆ ಮೊತ್ತದ ಶೇಕಡ 75ನ್ನು ಠೇವಣಿ ಇಡತಕ್ಕದ್ದು. ಹಿಂದೆ ಠೇವಣಿ ಕಟ್ಟಿ ಕಾಯುತ್ತಿದ್ದವನು ಮಾರುವವನು. ಇಲ್ಲಿ ಕಟ್ಟಬೇಕಾದವನು ಗಿರಾಕಿ.

ಇಷ್ಟಾದರೂ ಆ ಬಾಗಿಲನ್ನು ತಟ್ಟಲು ಸಣ್ಣ ಕಾರ್ಖಾನೆಯವನು ಹಿಂದೆಮುಂದೆ ನೋಡುತ್ತಾನೆ. ಬಡ್ಡಿ ಕೇಳಬೇಕಾದ ಕಚೇರಿಯಿಂದಲೇ ಅವನ ಮುಂದಿನ ಆರ್ಡರೂ ಬರಬೇಕಲ್ಲ!