ಪವಾಯಿ ಪರಿಸರದ ಬಿಲ್ಲುಬೇಟೆ

ಮುಂಬಯಿಯ ಪವಾಯಿ ಎಂದೊಡನೆ ಇಂದು ನೆನಪಾಗುವುದು ಕೆರೆ, 1958ರಲ್ಲಿ ಸ್ಥಾಪನೆಯಾದ ಐಐಟಿ, ಮುಗಿಲೆತ್ತರದ ವಸತಿ ಕಟ್ಟಡಗಳು. ಆದರೆ ಇದು ಮೂಲತಃ ಸಾಷ್ಟಿ ದ್ವೀಪದ ನಡುಗುಡ್ಡಗಳ ತೆಂಕಣ ಅಂಚು. ವಿಹಾರ ಕೆರೆ 1860ರ ಹೊತ್ತಿಗೆ, ಪವಾಯಿ ಕೆರೆ 1891ರಲ್ಲಿ ಕಟ್ಟಿದವು. ಇವೆರಡರ ಕೋಡಿಯ ನೀರೇ ಮಿಠಿ ನದಿ. ಕೆರೆಗಳ ಬೆನ್ನಿಗೆ ಆರೇ ಎಂಬ ಕಾಡುಪ್ರದೇಶ, ಅದರಾಚೆ ಸುಮಾರು 104 ಚದರ ಕಿಲೋಮೀಟರಿನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ವಾರ್ಲಿ, ಮಹಾದೇವ ಕೋಳಿ, ಮಲ್ಹಾರ ಕೋಳಿ, ಕಾತಕರಿ ಮುಂತಾದ ಸಮುದಾಯಗಳ ಪಾಡಾಗಳು, ಎಂದರೆ ಹಾಡಿಗಳು, ಈ ಅಂಚಿನಲ್ಲಿ ಈಗಲೂ ಉಳಿದಿವೆ. ಈ ಕಾಡಿಗೂ ಇದಕ್ಕೆ ತಗುಲಿದ ಠಾಣೆಯ ಕಾಡುಗಳಿಗೂ ಸೇರಿದ ಬಿಲ್ಲುಬೇಟೆಯ ಕೈಚಳಕ ಈ ಲೇಖನದ ವಿಷಯ. ಬೇಟೆಯೆಂದರೆ ತೋಳಬಲ, ದೂರದ ಗುರಿ ಎಂಬುದು ಕಾವ್ಯಗಳೂ ಚಲನಚಿತ್ರಗಳೂ ಬೆಳೆಸಿದ ಕಲ್ಪನೆ. ಇಲ್ಲಿನ ಬಿಲ್ಲುಬೇಟೆ ಅದಕ್ಕೆ ತಿರುಗುಮುರುಗು: ದೂರವನ್ನು ಕುಗ್ಗಿಸುವುದೇ ಅದರ ವಿದ್ಯೆ, ಆ ವಿದ್ಯೆಯ ಒಂದೊಂದು ಉಪಾಯವನ್ನೂ ಕಲಿಸಿದ್ದು ಇಲ್ಲಿನ ಮಳೆ, ಗಾಳಿ ಮತ್ತು ಗಿಡ.

ಜನ ಮತ್ತು ಆಧಾರಗಳು

ಕಾತಕರಿಗಳ ಹೆಸರು ಬಂದದ್ದು ಕಗ್ಗಲಿ ಮರದಿಂದ ಕಾಚು ತೆಗೆಯುವ ಕಸುಬಿನಿಂದ. ಬೇಟೆಯಲ್ಲಿಯೂ ಅವರು ಹೆಸರಾದವರು. ವಾರ್ಲಿಗಳ ಗೋಡೆಚಿತ್ರಗಳಲ್ಲಿ ಬಿಲ್ಲು ಹಿಡಿದ ಬೇಟೆಗಾರ ಪದೇಪದೇ ಬರುತ್ತಾನೆ. ಚಿರತೆಯನ್ನೂ ಹುಲಿಯನ್ನೂ ವಾಘೋಬಾ ಎಂದು ಪೂಜಿಸುವ ಗುಡಿಗಳು ಉದ್ಯಾನದ ಒಳಗೂ ಅಂಚಿನಲ್ಲೂ ಇವೆ. ತಾನು ಬೇಟೆಯಾಡುವ ಕಾಡಿನಲ್ಲಿ ತನ್ನನ್ನು ಬೇಟೆಯಾಡಬಲ್ಲ ಪ್ರಾಣಿಯೂ ಇದೆ ಎಂಬ ಅರಿವು ಆ ಪೂಜೆಯ ಒಳಗಿದೆ. ಬೋರಿವಲಿಯ ಏಕ್ಸರ್ ವೀರಗಲ್ಲುಗಳಲ್ಲಿಯೂ ಬಿಲ್ಲುಗಾರರು ಕಾಣಸಿಗುತ್ತಾರಾದರೂ ಅವು ಯುದ್ಧದ ಕಲ್ಲುಗಳು, ಬೇಟೆಗೆ ನೇರ ಸಾಕ್ಷಿಯಲ್ಲ.

ಕನ್ನಡದ ಕಡೆಯಿಂದ ಒದಗುವ ಆಧಾರ ಇದಕ್ಕಿಂತ ಗಟ್ಟಿ. ಕಲ್ಯಾಣದ ಚಾಲುಕ್ಯ ದೊರೆ 3ನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ, ನೂರು ಅಧ್ಯಾಯಗಳ ‘ಮಾನಸೋಲ್ಲಾಸ’ದಲ್ಲಿ ಮೃಗಯೆಗೆ ಪ್ರತ್ಯೇಕ ಸ್ಥಾನವಿದೆ. ಅದು ಅರಮನೆಯ ಬೇಟೆ, ಪಾಡಾದ ಬೇಟೆಯಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಹಳಗನ್ನಡ, ನಡುಗನ್ನಡಗಳು ಉಳಿಸಿಕೊಂಡಿರುವ ಮೂರು ಮಾತುಗಳನ್ನು ನೋಡಬೇಕು: ಸೋವು, ಎಂದರೆ ಗದ್ದಲವೆಬ್ಬಿಸಿ ಮೃಗವನ್ನು ಬಿಲ್ಲುಗಾರನತ್ತ ಅಟ್ಟುವುದು, ದೀಹ, ಎಂದರೆ ಪಳಗಿಸಿದ ಪ್ರಾಣಿಯನ್ನು ಮುಂದಿಟ್ಟು ಅದರ ಜಾತಿಯನ್ನು ಹತ್ತಿರ ಸೆಳೆಯುವುದು, ಹೊಂಚು, ಎಂದರೆ ಮೃಗವೇ ಬರುವ ದಾರಿಯಲ್ಲಿ ಅಡಗಿ ಕಾಯುವುದು. ಮೂರರ ಗುರಿಯೂ ಒಂದೇ, ಮೃಗ ಮತ್ತು ಬಿಲ್ಲಿನ ನಡುವಿನ ನೆಲವನ್ನು ಕಡಿಮೆ ಮಾಡುವುದು. ದೂರದಿಂದ ಹೊಡೆಯುವುದೇ ಹಿರಿಮೆಯಾಗಿದ್ದರೆ ಬೇಟೆಯ ನುಡಿ ಹೀಗೆ ಬೆಳೆಯುತ್ತಿರಲಿಲ್ಲ.

ಬಿಲ್ಲು

ಇಡಿಯ ಬಿದಿರಿನಿಂದ ಸೀಳಿ ಮಾಡಿದ, ಬಿದಿರಿನದೇ ಹೆದೆಯುಳ್ಳ ಬಿಲ್ಲು ಪಶ್ಚಿಮ ಮತ್ತು ಮಧ್ಯ ಭಾರತದ ಆದಿವಾಸಿಗಳಲ್ಲಿ ವ್ಯಾಪಕವಾದದ್ದು. ಭಿಲ್ಲರ ಕಾಮಠಾ ಇದರ ಪ್ರಸಿದ್ಧ ರೂಪ. ಕೊಂಬು, ನರ, ಸರೇಸುಗಳನ್ನು ಪದರಪದರವಾಗಿ ಕೂಡಿಸಿದ ಸೈನಿಕ ಬಿಲ್ಲಿನ ಪಕ್ಕದಲ್ಲಿಟ್ಟರೆ ಇದು ಒರಟು ವಸ್ತುವಿನಂತೆ ಕಾಣುತ್ತದೆ. ಈ ಕಾರಣಕ್ಕೆ ಇದನ್ನು ಹಿಂದುಳಿದ ಆಯುಧವೆಂದು ಬರೆದವರುಂಟು. ಆ ತೀರ್ಪು ತಪ್ಪು, ತಪ್ಪಿನ ಕಾರಣ ಹವೆಯಲ್ಲಿದೆ. ಮುಂಬಯಿಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಪದರ ಬಿಲ್ಲಿನ ಪ್ರಾಣವಿರುವುದು ಸರೇಸಿನಲ್ಲಿ. ಚರ್ಮದಿಂದ ಅಥವಾ ಮೀನಿನ ಗಾಳಿಚೀಲದಿಂದ ಕಾಯಿಸಿದ ಸರೇಸು ತೇವ ಹೀರಿದರೆ ಮೆತ್ತಗಾಗಿ ಪದರಗಳು ಬಿಡುತ್ತವೆ. ಮೇಲೆ ಅರಗು, ಬಣ್ಣ ಬಳಿದು ಕಾಪಾಡುವ ರೂಢಿಯಿತ್ತು. ಮುಂದೆ ಭಾರತದಲ್ಲಿ ಉಕ್ಕಿನ ಬಿಲ್ಲು ಹುಟ್ಟಿಕೊಳ್ಳಲು ಈ ತೇವದ ಕಾಟವೂ ಒಂದು ಕಾರಣವೆಂಬ ಅಭಿಪ್ರಾಯ ವಿದ್ವಾಂಸರಲ್ಲಿದೆ. ಬಿದಿರ ಬಿಲ್ಲಿನಲ್ಲಿ ಅಂಟೇ ಇಲ್ಲ, ಬಿಡಲು ಪದರವೂ ಇಲ್ಲ. ನೆನೆದರೆ ಅದರ ಬಲ ತುಸು ಕುಗ್ಗುತ್ತದೆ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿದರೆ ಮರಳುತ್ತದೆ. ಮಳೆನಾಡಿಗೆ ತಕ್ಕ ಬಿಲ್ಲು ಯಾವುದೆಂಬ ಪ್ರಶ್ನೆಗೆ ಇದು ಸರಿಯಾದ ಉತ್ತರ.

ಬಿದಿರಿನ ಆಯ್ಕೆಯಲ್ಲಿಯೇ ಅರ್ಧ ಕೆಲಸ ಮುಗಿಯುತ್ತದೆ. ಗೋಡೆ ದಪ್ಪಗಿರುವ, ಒಳಗಿನ ಪೊಳ್ಳು ಕಿರಿದಾದ ಗಟ್ಟಿಬಿದಿರು ಬೇಕು. ಮೂರು ವರ್ಷ ದಾಟಿದ ಗಳ ಉತ್ತಮ, ಎಳೆಯದು ಬಾಗಿದ ಕಡೆಗೇ ನಿಂತುಬಿಡುತ್ತದೆ. ಮಳೆಗಾಲ ಕಳೆದು ಚಳಿಗಾಲದಲ್ಲಿ ಕಡಿಯುವುದು ವಾಡಿಕೆ. ಆಗ ಗಳದಲ್ಲಿ ಪಿಷ್ಟ ಕಡಿಮೆಯಿರುವುದರಿಂದ ಕೊರೆಹುಳು ಬೀಳುವುದೂ ಕಡಿಮೆ. ಬಿಲ್ಲನ್ನು ಎಳೆದಾಗ ಬಿಲ್ಲುಗಾರನಿಗೆ ಎದುರಾಗಿರುವ ಹೊಟ್ಟೆ ಅದುಮಲ್ಪಡುತ್ತದೆ, ಆಚೆಯ ಬೆನ್ನು ಹಿಗ್ಗುತ್ತದೆ. ಬಿದಿರಿನ ನಾರು ಒತ್ತೊತ್ತಾಗಿರುವುದು ಹೊರಸಿಪ್ಪೆಯ ಬಳಿ, ಹಿಗ್ಗನ್ನು ತಾಳುವ ಶಕ್ತಿಯಿರುವುದೂ ಅಲ್ಲಿಯೇ. ಆದ್ದರಿಂದ ಹೊಳೆಯುವ ಸಿಪ್ಪೆಯನ್ನು ಬೆನ್ನಿಗೆ ಬಿಟ್ಟು, ಕೆತ್ತುವುದನ್ನೆಲ್ಲ ಒಳಬದಿಯಲ್ಲೇ ಮುಗಿಸಬೇಕು. ಬೆನ್ನಿನ ಮೇಲೆ ಕತ್ತಿಯ ಒಂದು ಗೀರು ಬಿದ್ದರೂ ಬಿಲ್ಲು ಮುಂದೊಂದು ದಿನ ಅಲ್ಲಿಯೇ ಸಿಗಿಯುತ್ತದೆ. ಗೆಣ್ಣಿನ ಬಳಿ ನಾರು ಓರೆಯಾಗಿ ಓಡುವುದರಿಂದ ಅಲ್ಲಿ ಕೆತ್ತದೆ ತುಸು ದಪ್ಪ ಬಿಡುವುದು ಇನ್ನೊಂದು ಎಚ್ಚರ. ಎರಡು ತೋಳುಗಳೂ ಒಂದೇ ಸಮ ಬಾಗುತ್ತವೆಯೇ ಎಂದು ಮತ್ತೆ ಮತ್ತೆ ಎಳೆದು ನೋಡಿ, ಗಡುಸಾದ ಕಡೆ ಒಂದೊಂದೇ ಹೊಟ್ಟು ಹೆರೆಯುತ್ತ ಹೋಗಬೇಕು. ಇಲ್ಲಿ ಅವಸರ ಮಾಡಿದವನಿಗೆ ಸಿಗುವುದು ಉರುವಲು.

ಹೆದೆಯದೂ ಇದೇ ತರ್ಕ. ಕರುಳು, ನರಗಳ ಹೆದೆ ನೆನೆದರೆ ಜೋಲುತ್ತದೆ, ಜೋತ ಹೆದೆ ಬಾಣವನ್ನು ಕೆಳಕ್ಕೆ ಬೀಳಿಸುತ್ತದೆ. ಬಿದಿರಿನ ಹೊರಸಿಪ್ಪೆಯ ತೆಳುಪಟ್ಟಿಗೆ ಈ ದೋಷ ತೀರ ಕಡಿಮೆ. ತುದಿಗಳಲ್ಲಿ ಮಾತ್ರ ನಾರಿನ ಕುಣಿಕೆ ಕಟ್ಟಿದರೆ ಸಾಕು. ಬಾಣದಲ್ಲಿ ಮಾತ್ರ ಮಳೆ ಗೆಲ್ಲುತ್ತದೆ. ಹಿಳುಕಿನ ಗರಿ ಒದ್ದೆಯಾಗಿ ಮುದ್ದೆಯಾದರೆ ಬಾಣದ ಬಾಲ ಅಲುಗಾಡುತ್ತದೆ, ಅದಕ್ಕೇ ಗರಿಯ ಕಡೆಯನ್ನು ಎಲೆಯಿಂದಲೋ ಬಟ್ಟೆಯಿಂದಲೋ ಮುಚ್ಚಿಡುವುದು ಕ್ಷೇಮ. ಸೊಟ್ಟಗಾದ ಕಣೆಯನ್ನು ಕೆಂಡದ ಮೇಲೆ ಹದವಾಗಿ ಬಿಸಿಮಾಡಿ, ಕೈಯಲ್ಲೇ ತೀಡಿ, ತಣಿಯುವ ತನಕ ಹಿಡಿದಿರಬೇಕು. ಹಕ್ಕಿಗೆ ಕಬ್ಬಿಣದ ಅಲಗು ಬೇಡ; ಮೊಂಡು ಮರದ ತಲೆಯ ಅಂಬು ಹಕ್ಕಿಯನ್ನು ಸೀಳದೆ ಕೆಡವುತ್ತದೆ, ಕೊಂಬೆಗೆ ನಾಟಿ ಕಳೆದೂ ಹೋಗುವುದಿಲ್ಲ.

ಹತ್ತಿರವಾಗುವ ವಿದ್ಯೆ

ಇಂಥ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 45 ಮೀಟರ್ ಓಡುತ್ತದೆಂದು ಇಟ್ಟುಕೊಳ್ಳೋಣ. ಹದಿನೈದು ಮೀಟರಿಗೆ ಸರಿಯಾಗಿ ಹಿಡಿದ ಗುರಿಯಲ್ಲಿ ಮೃಗ ನಿಜಕ್ಕೂ ಇಪ್ಪತ್ತು ಮೀಟರಿನಲ್ಲಿದ್ದರೆ ಬಾಣ ಒಂದು ಗೇಣು ಕೆಳಗೆ ಬೀಳುತ್ತದೆ. ಜಿಂಕೆಯ ಎದೆಗೂಡಿನಲ್ಲಿ ಪ್ರಾಣಸ್ಥಾನವಿರುವುದೂ ಹೆಚ್ಚುಕಡಿಮೆ ಗೇಣಿನಷ್ಟೇ; ಐದು ಮೀಟರಿನ ಅಂದಾಜು ತಪ್ಪಿದರೆ ಕೊಲ್ಲುವ ಏಟು ಗಾಯವಾಗಿ ಮುಗಿಯುತ್ತದೆ. ಇನ್ನು ಹೆದೆಯ ಸದ್ದು ಇಪ್ಪತ್ತು ಮೀಟರನ್ನು 0.06 ಸೆಕೆಂಡಿನಲ್ಲಿ ಮುಟ್ಟುತ್ತದೆ, ಬಾಣಕ್ಕೆ 0.44 ಸೆಕೆಂಡು ಬೇಕು. ಆ ನಡುವಿನ ವೇಳೆಯಲ್ಲಿ ಬೆದರಿದ ಜಿಂಕೆ ಓಡಲು ಮೈಕುಗ್ಗಿಸುತ್ತದೆ, ಬಾಣ ಬೆನ್ನ ಮೇಲಿಂದ ಹಾದುಹೋಗುತ್ತದೆ. ಹತ್ತು ಮೀಟರಿನಲ್ಲಿ ಈ ಎರಡೂ ತೊಡಕುಗಳು ಅರ್ಧಕ್ಕರ್ಧ ಇಳಿಯುತ್ತವೆ. ಕಿವಿ ನಿಮಿರಿಸಿ ನಿಂತ ಮೃಗಕ್ಕಿಂತ ತಲೆತಗ್ಗಿಸಿ ಮೇಯುವ ಮೃಗಕ್ಕೆ ಬಾಣ ಬಿಡು ಎಂಬ ಬೇಟೆಗಾರರ ಮಾತಿಗೂ ಇದೇ ಲೆಕ್ಕ ಆಧಾರ.

ಹತ್ತು ಮೀಟರಿನವರೆಗೆ ಹೋಗುವುದು ಹೇಗೆ ಎಂಬುದಕ್ಕೆ ಪವಾಯಿಯ ಗಾಳಿಯೇ ಮೊದಲ ಪಾಠ. ಚಳಿಗಾಲದ ನಸುಕಿನಲ್ಲಿ ಗಾಳಿ ನೆಲದಿಂದ ಕಡಲಿಗೆ, ಎಂದರೆ ಪೂರ್ವದ ಕಡೆಯಿಂದ ಪಶ್ಚಿಮಕ್ಕೆ ಬೀಸುತ್ತದೆ. ಬಿಸಿಲೇರಿದ ಮೇಲೆ ಕಡಲಗಾಳಿ ಎದ್ದು ದಿಕ್ಕು ತಿರುಗುತ್ತದೆ. ಮನುಷ್ಯನ ವಾಸನೆ ಮೃಗಕ್ಕೆ ತಾಗದಿರಬೇಕಾದರೆ ಬೆಳಿಗ್ಗೆ ಅದರ ಪಶ್ಚಿಮಕ್ಕೆ, ಮಧ್ಯಾಹ್ನದ ಬಳಿಕ ಪೂರ್ವಕ್ಕೆ ಇರಬೇಕು. ಗುಡ್ಡದ ಸೆರಗಿನಲ್ಲಿ ಇನ್ನೊಂದು ಸೂಕ್ಷ್ಮವಿದೆ: ರಾತ್ರಿ ತಂಗಾಳಿ ಇಳಿಜಾರಿನಲ್ಲಿ ಕೆಳಗಿಳಿಯುತ್ತದೆ, ಬಂಡೆ ಕಾದ ಮೇಲೆ ಮೇಲೇರುತ್ತದೆ. ಎರಡು ಗಾಳಿ ಬದಲಾಗುವ ಆ ಒಂದು ಗಳಿಗೆ ನಂಬಿಕೆಗೆ ಯೋಗ್ಯವಲ್ಲ, ಆಗ ಕೂತಲ್ಲೇ ಕೂರುವುದು ಲೇಸು. ಬೂದಿಯ ಚಿಟಿಕೆಯನ್ನು ಬೆರಳಿನಿಂದ ಉದುರಿಸಿ ಗಾಳಿ ನೋಡುವುದು ಬಹಳ ಕಡೆ ಬಳಕೆಯಲ್ಲಿರುವ ಸುಲಭ ಉಪಾಯ.

ಎರಡನೆಯ ಪಾಠ ಎಲೆಯದು. ಇದು ತೇಗವೂ ಸೇರಿದ ಎಲೆಯುದುರುವ ಕಾಡು. ಬೇಸಿಗೆಯಲ್ಲಿ ಒಣಗಿದ ತೇಗದೆಲೆ ಕಾಲಡಿಯಲ್ಲಿ ಹಪ್ಪಳದಂತೆ ಮುರಿಯುತ್ತದೆ, ಆಗ ಬೆನ್ನಟ್ಟಿ ನಡೆಯುವುದು ಸಾಗದ ಮಾತು. ಆದರೆ ಅದೇ ಕಾಲದಲ್ಲಿ ನೀರು ಕೆಲವೇ ಗುಂಡಿಗಳಿಗೆ ಕುಗ್ಗಿರುತ್ತದೆ, ಆದ್ದರಿಂದ ಬೇಸಿಗೆ ಹೊಂಚಿನ ಕಾಲ. ಮಳೆ ಬಿದ್ದೊಡನೆ ನೆಲ ಮೌನವಾಗುತ್ತದೆ, ನಡೆಯಬಹುದು. ಆದರೆ ಎಂಟು ವರ್ಷಕ್ಕೊಮ್ಮೆ ಹೂಬಿಡುವ ಕಾರ್ವಿ ಗಿಡ ಆಳೆತ್ತರ ಬೆಳೆದು ಕಣ್ಣನ್ನು ನಾಲ್ಕು ಮಾರಿಗೆ ಕಟ್ಟಿಹಾಕುತ್ತದೆ. ಅಂಥಲ್ಲಿ ಉದ್ದ ಬಿಲ್ಲು ಕಡ್ಡಿಗಳಿಗೆ ಸಿಕ್ಕಿಕೊಳ್ಳುವುದೇ ಹೆಚ್ಚು.

ಬಾಣ ನಾಟಿದ ಬಳಿಕ ಮೃಗದ ಹಿಂದೆ ತಕ್ಷಣ ಓಡದಿರುವುದು ಎಲ್ಲ ನಾಡಿನ ಬಿಲ್ಲುಗಾರರೂ ಒಪ್ಪುವ ನಿಯಮ. ನೊರೆಗೂಡಿದ ತಿಳಿಗೆಂಪು ನೆತ್ತರು ಶ್ವಾಸಕೋಶದ್ದು, ಮೃಗ ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪಾಗಿ, ಮೇವಿನ ಚೂರು ಬೆರೆತದ್ದು ಹೊಟ್ಟೆಯದು, ಹಲವು ಗಂಟೆ ಕಾಯದೆ ಕೆದಕಿದರೆ ಅದು ಕೈಗೆ ಸಿಗುವುದಿಲ್ಲ. ಮಳೆ ಈ ಲೆಕ್ಕವನ್ನೇ ಅಳಿಸುತ್ತದೆ. ಮೋಡ ಕವಿದಾಗ ಬಾಣ ಬಿಡದಿರುವುದೇ ವಿವೇಕ. ಕಾಡುಹಂದಿಗಂತೂ ಬಿಲ್ಲೊಂದೇ ಸಾಲದು, ನಾಯಿ ಬೇಕು. ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತದ್ದನ್ನು ಸ್ಮರಿಸುವ ಮಂಡ್ಯ ಜಿಲ್ಲೆಯ ಆತಕೂರಿನ 10ನೆಯ ಶತಮಾನದ ವೀರಗಲ್ಲು ಇದನ್ನೇ ಹೇಳುತ್ತದೆ.

ಕಾನೂನು

ಕೋವಿ ಬಂದಮೇಲೂ ಬಿಲ್ಲು ಉಳಿದದ್ದು ಬಡತನದಿಂದ ಮಾತ್ರ ಎನ್ನುವ ವಾದವಿದೆ. ಬಡತನ ಒಂದು ಕಾರಣ ನಿಜ, ಆದರೆ ಮದ್ದು ಮಳೆಗೆ ತೇವವಾಗುತ್ತದೆ, ಒಂದು ಗುಂಡಿನ ಸದ್ದು ಇಡೀ ಕಣಿವೆಯನ್ನು ಎಬ್ಬಿಸುತ್ತದೆ, ಕೋವಿಗೆ ಪರವಾನಗಿಯೂ ಬೇಕು. ಬಿಲ್ಲೂ ಸರ್ಕಾರದ ಕಣ್ಣಿಗೆ ಅಲ್ಪವಾಗಿರಲಿಲ್ಲ. ನಿಶ್ಶಸ್ತ್ರೀಕರಣದ ಆಜ್ಞೆಯ ವಿರುದ್ಧ ಮುಧೋಳದ ಬಳಿಯ ಹಲಗಲಿಯ ಬೇಡರು 1857ರಲ್ಲಿ ಎದ್ದು ನಿಂತರು. 1878ರ ಭಾರತೀಯ ಶಸ್ತ್ರಾಸ್ತ್ರ ಕಾಯಿದೆ ‘ಆಯುಧ’ ಎಂಬುದರ ಅರ್ಥದಲ್ಲಿ ಬಿಲ್ಲು ಬಾಣಗಳನ್ನೂ ಸೇರಿಸಿತು. ಮುಂಬಯಿ ರಾಜ್ಯದ 1951ರ ವನ್ಯಪ್ರಾಣಿ ಕಾಯಿದೆ, ಬಳಿಕ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ 1991ರ ತಿದ್ದುಪಡಿ ಬೇಟೆಯ ಬಾಗಿಲನ್ನು ಮುಚ್ಚಿದವು. ಆದಿವಾಸಿಗಳ ರೂಢಿಯ ಹಕ್ಕುಗಳನ್ನು ಮನ್ನಿಸಿದ 2006ರ ಅರಣ್ಯ ಹಕ್ಕು ಕಾಯಿದೆಯೂ ಬೇಟೆಯ ಹಕ್ಕನ್ನು ಹೊರಗಿಟ್ಟಿದೆ. ನಗರ ಸುತ್ತುವರಿದ ಈ ಪುಟ್ಟ ಕಾಡಿನಲ್ಲಿ ಆ ನಿಷೇಧ ಸರಿಯಾದುದೇ. ಬೇಟೆಯ ವಿವರ ಬರೆದರೆ ಕಳ್ಳಬೇಟೆಗೆ ಇಂಬು ಕೊಟ್ಟಂತಾಗದೇ ಎಂಬ ಅಳುಕು ಕೆಲವರದು; ಕಳ್ಳಬೇಟೆ ನಡೆಯುವುದು ಉರುಳು, ವಿದ್ಯುತ್ ತಂತಿಗಳಿಂದ, ಹತ್ತು ಮೀಟರಿನವರೆಗೆ ಉಸಿರು ಬಿಗಿಹಿಡಿದು ನಡೆಯುವ ತಾಳ್ಮೆಯಿಂದಲ್ಲ. ಅಳಿಯುತ್ತಿರುವುದು ಗಾಳಿ, ಎಲೆ, ಹೆಜ್ಜೆಗಳನ್ನು ಓದುವ ಅರಿವು, ಅದನ್ನು ಬಲ್ಲ ಹಿರಿಯರು ಇರುವಾಗಲೇ ಬರೆದಿಡಬೇಕು. ಬಿದಿರ ಬಿಲ್ಲುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿರುವ ಸಂಗ್ರಹಾಲಯಗಳಲ್ಲಿ ಒಂದು ಕೋರಿಕೆ: ಹೆದೆಯೇರಿಸಿ ತೂಗುಹಾಕಿದ ಬಿಲ್ಲು ಬಾಗಿದಂತೆಯೇ ಉಳಿದು ಕೆಲವೇ ವರ್ಷಗಳಲ್ಲಿ ಸತ್ತ ಕೋಲಾಗುತ್ತದೆ; ದಯವಿಟ್ಟು ಹೆದೆಯನ್ನು ಒಂದು ತುದಿಯಲ್ಲಿ ಇಳಿಸಿಡಿ.