ತೋಟದ ಕೋವಿ, ಕಾಯ್ದೆಯ ಗೆರೆ

ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ತೋಟಗಳಲ್ಲಿ ಕೋವಿ ಬಹುಕಾಲ ಬೆಳೆ ಕಾಯುವ ಸಾಧನವಾಗಿತ್ತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಇದನ್ನು ಒಪ್ಪಿಕೊಂಡಿತು: ಬೆಳೆ ರಕ್ಷಣೆಗೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿ; ಪಾಯಿಂಟ್ 22 ರೈಫಲ್ ಮತ್ತು ಏರ್ ರೈಫಲ್ ಮಾತ್ರ ಮಾನ್ಯತೆ ಪಡೆದ ಕ್ಲಬ್ಬಿನ ಸದಸ್ಯರ ಗುರಿ ಅಭ್ಯಾಸಕ್ಕೆ. ಇವೆರಡನ್ನೂ ತೋಟದ ಕಾವಲಿಗೆಂದು ಕಾಯ್ದೆ ಎಣಿಸಿರಲಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು 20 ಜೌಲ್‌ಗಿಂತ ಕಡಿಮೆ ಶಕ್ತಿಯ, ನಳಿಗೆಯ ಒಳವ್ಯಾಸ 4.5 ಮಿ.ಮೀ. ಮೀರದ ಏರ್‌ಗನ್ನನ್ನು ಪರವಾನಗಿಯಿಂದ ಹೊರಗಿಟ್ಟವು. ಪಾಯಿಂಟ್ 22ರ ಸಾಮಾನ್ಯ ಗುಂಡಿನ ಶಕ್ತಿ ಸುಮಾರು 140 ಜೌಲ್; ಅದು ಒಂದೂವರೆ ಕಿಲೋಮೀಟರ್ ಹಾರಬಲ್ಲದು. ಕಣಿವೆಗೊಂದು ಮನೆಯಿರುವ ಮಲೆನಾಡಿನಲ್ಲಿ ಆ ಗುಂಡು ಪಕ್ಕದವರ ಅಂಗಳ ತಲುಪೀತು. ಹಿತ್ತಿಲಿನ ಗುರಿ ಅಭ್ಯಾಸಕ್ಕೆ ಏರ್‌ಗನ್ನೇ ಸರಿ. ರೈಫಲ್ಲಿನ ಜಾಗ ಶೂಟಿಂಗ್ ರೇಂಜ್.

ಏರ್‌ಗನ್ನಿಗೆ ಪರವಾನಗಿ ಬೇಡವೆಂದ ಮೇಲೆ ಅಪಾಯವೂ ಇಲ್ಲ ಎಂಬ ವಾದವಿದೆ. ಆದರೆ ಕೆಲವೇ ಜೌಲ್‌ನ ಗುಂಡೂ ಕಣ್ಣು ಕಳೆಯಬಲ್ಲದು, ಗಟ್ಟಿ ಕಲ್ಲಿಗೆ ತಾಗಿ ಹಿಂದಕ್ಕೆ ಚಿಮ್ಮಬಲ್ಲದು. ಹಾಗಾದರೆ ಮಂಗಗಳ ಕಾಟಕ್ಕೇನು ದಾರಿ ಎಂಬ ರೈತರ ಪ್ರಶ್ನೆ ನ್ಯಾಯವಾದದ್ದೇ, ಬೆಳೆನಷ್ಟ ನಿಜ. ಆದರೂ ಏರ್‌ಗನ್ ಅದಕ್ಕೆ ಉತ್ತರವಲ್ಲ. ಗಾಯಗೊಂಡ ಮಂಗ ಕಾಡಿನಲ್ಲಿ ನರಳಿ ಸಾಯುತ್ತದೆ. 1957ರಿಂದ ಮಂಗನಕಾಯಿಲೆ ಕಂಡ ಈ ಸೀಮೆಯಲ್ಲಿ ಸತ್ತ ಮಂಗದ ಮೈಯಿಂದ ಉದುರುವ ಉಣುಗು ಮನುಷ್ಯರಿಗೆ ಅಪಾಯ. ಮಂಗಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ. ಏರ್‌ಗನ್ ಇಟ್ಟುಕೊಂಡವರು ಗುರಿಯ ಹಿಂದೆ ಮಣ್ಣಿನ ದಿಬ್ಬ ಹಾಕಲಿ, ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿಡಲಿ, ಜೀವಿಗಳತ್ತ ಎಂದೂ ತಿರುಗಿಸದಿರಲಿ.