ನಾನು ರಜೆಯಲ್ಲಿದ್ದೇನೆ

ಪುಣೆಗೆ ಬಂದ ಎರಡನೇ ವರ್ಷ ನಾನೊಂದು ಸ್ಕ್ರಿಪ್ಟ್ ಬರೆದೆ. ಕಚೇರಿಯ ಸಪೋರ್ಟ್ ವಿಳಾಸಕ್ಕೆ ಬರುವ ಪ್ರತಿ ಮೇಲ್‌ಗೂ ‘ನಿಮ್ಮ ಮನವಿ ತಲುಪಿದೆ, 48 ಗಂಟೆಗಳೊಳಗೆ ಪರಿಹರಿಸುತ್ತೇವೆ’ ಎಂದು ಉತ್ತರ ಹಾಕುವುದಷ್ಟೇ ಅದರ ಕೆಲಸ. ಪೈಥಾನ್‌ನಲ್ಲಿ ಸುಮಾರು ಮೂವತ್ತು ಸಾಲು. ಐದು ನಿಮಿಷಕ್ಕೊಮ್ಮೆ ಇನ್‌ಬಾಕ್ಸ್ ನೋಡುವುದು, ಓದದ ಮೇಲ್ ಇದ್ದರೆ ಕಳಿಸಿದವರಿಗೆ ಉತ್ತರ ಕೊಡುವುದು. ಬೆಳಿಗ್ಗೆ ಕೂತವನು ಊಟದ ಹೊತ್ತಿಗೆ ಮುಗಿಸಿದ್ದೆ. ಟೀಮಿನವರು ಚಹಾ ಕೊಡಿಸಿದರು.

ಮೂರನೇ ವಾರ ಒಂದು ಮೇಲ್ ಬಂತು. ನಮ್ಮೊಡನೆ ವರ್ಷಗಟ್ಟಲೆ ವ್ಯವಹರಿಸಿದ್ದ ಗ್ರಾಹಕ ಕಂಪನಿಯ ಹಿರಿಯರೊಬ್ಬರು ಹಿಂದಿನ ರಾತ್ರಿ ತೀರಿಕೊಂಡಿದ್ದರು. ಅವರ ಸಹೋದ್ಯೋಗಿ ಎಲ್ಲರಿಗೂ ಸುದ್ದಿ ತಿಳಿಸಿದ್ದರು. ನಾನು ಅದನ್ನು ಓದುವಷ್ಟರಲ್ಲಿ ಸ್ಕ್ರಿಪ್ಟ್ ಉತ್ತರಿಸಿಯಾಗಿತ್ತು: 48 ಗಂಟೆಗಳೊಳಗೆ ಪರಿಹರಿಸುತ್ತೇವೆ.

ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ದೊಡ್ಡ ಮನಸ್ಸಿನವರು. ‘ಮಶೀನ್ ಹೈ, ಜಾನೇ ದೀಜಿಯೇ’ ಎಂದರು. ಆದರೆ ಮಶೀನಿಗೆ ಹಾಗೆ ಹೇಳಿಕೊಟ್ಟವನು ನಾನೇ ತಾನೆ? ಇಂಥ ತಪ್ಪನ್ನು ನನಗಿಂತ ಮೊದಲು ಯಾರು ಮಾಡಿದ್ದರು, ಅದರಿಂದ ಏನು ಕಲಿತರು ಎಂದು ಹುಡುಕುತ್ತ ಹೋದೆ. ಹುಡುಕಾಟ ನನ್ನನ್ನು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಕರೆದೊಯ್ದಿತು.

ಅಲ್ಲಿ ಎರಿಕ್ ಆಲ್‌ಮನ್ ಎಂಬವರು 1980ರ ದಶಕದ ಆರಂಭದಲ್ಲಿ ‘ಸೆಂಡ್‌ಮೇಲ್’ ಬರೆದರು. ಮುಂದೆ ಬಹುಕಾಲ ಇಂಟರ್ನೆಟ್ಟಿನ ಅಂಚೆಯ ಬಹುಪಾಲನ್ನು ಹೊತ್ತು ಸಾಗಿಸಿದ ತಂತ್ರಾಂಶ ಅದು. ಅದರ ಜೊತೆಗೇ ಬೆಳೆದ ಪುಟ್ಟ ಪ್ರೋಗ್ರಾಮ್ ‘ವೆಕೇಶನ್’. 1986ರಲ್ಲಿ ಹೊರಬಂದ ಬರ್ಕ್ಲಿ ಯುನಿಕ್ಸ್‌ನ 4.3 ಆವೃತ್ತಿಯಲ್ಲಿ ಅದು ಎಲ್ಲರ ಕೈಗೆ ಸಿಕ್ಕಿತು. ಹೆಸರೇ ಹೇಳುವಂತೆ, ರಜೆಗೆ ಹೋದವರ ಪರವಾಗಿ ‘ನಾನು ಊರಲ್ಲಿಲ್ಲ, ಬಂದ ಮೇಲೆ ಓದುತ್ತೇನೆ’ ಎಂದು ಉತ್ತರಿಸುವುದು ಅದರ ಕೆಲಸ. ಇಂದಿನ ‘ಔಟ್ ಆಫ್ ಆಫೀಸ್’ನ ಅಜ್ಜ ಎನ್ನಬಹುದು.

ಬಳಸುವ ರೀತಿ ಸರಳ. ನಿಮ್ಮ ಹೋಮ್ ಫೋಲ್ಡರಿನಲ್ಲಿ ‘ಫಾರ್ವರ್ಡ್’ ಎಂಬ ಫೈಲ್ ಇಟ್ಟು ಅದರಲ್ಲಿ ಒಂದೇ ಸಾಲು ಬರೆಯಬೇಕು. ಆ ಸಾಲಿಗೆ ಎರಡು ಭಾಗ. ಮೊದಲ ಭಾಗ, ಬಂದ ಮೇಲ್‌ನ ಒಂದು ಪ್ರತಿಯನ್ನು ನಿಮ್ಮ ಪೆಟ್ಟಿಗೆಯಲ್ಲೇ ಇಡು ಎನ್ನುತ್ತದೆ. ಎರಡನೆಯದು, ಇನ್ನೊಂದು ಪ್ರತಿಯನ್ನು ವೆಕೇಶನ್ ಪ್ರೋಗ್ರಾಮಿಗೆ ದಾಟಿಸು ಎನ್ನುತ್ತದೆ. ಉತ್ತರದ ಒಕ್ಕಣೆ ಇನ್ನೊಂದು ಫೈಲಿನಲ್ಲಿರುತ್ತದೆ. ಬಂದ ಮೇಲ್‌ನ ವಿಷಯವನ್ನು ಅದರೊಳಗೆ ಸೇರಿಸಿ ಕಳಿಸುವ ಸೌಲಭ್ಯವೂ ಉಂಟು.

ಉತ್ತರಿಸುವ ಭಾಗ ಅಲ್ಲಿಗೆ ಮುಗಿಯಿತು. ನನಗೆ ಆಶ್ಚರ್ಯವಾದದ್ದು ಅದರ ಕೈಪಿಡಿ ಓದಿದಾಗ. ಪುಟದಲ್ಲಿ ಮುಖ್ಯವಾಗಿರುವುದು ಯಾವಾಗ ಉತ್ತರಿಸಬಾರದು ಎಂಬ ವಿವರ. ಒಬ್ಬರಿಗೆ ಉತ್ತರ ಕೊಟ್ಟರೆ ಒಂದು ವಾರದವರೆಗೆ ಅವರಿಗೆ ಮತ್ತೆ ಕೊಡಬಾರದು. ಅದಕ್ಕೆಂದೇ ಉತ್ತರ ಪಡೆದವರ ಪಟ್ಟಿಯೊಂದನ್ನು ಅದು ಇಟ್ಟುಕೊಳ್ಳುತ್ತದೆ. ‘ಇವರಿಗೆ’ ಅಥವಾ ‘ಪ್ರತಿ’ ಎಂಬಲ್ಲಿ ನಿಮ್ಮ ಹೆಸರೇ ಇಲ್ಲದಿದ್ದರೆ ಸುಮ್ಮನಿರಬೇಕು. ಕಳಿಸಿದವರು ಪೋಸ್ಟ್‌ಮಾಸ್ಟರ್, ಮೇಲರ್ ಡೀಮನ್‌ನಂಥ ಯಂತ್ರದ ವಿಳಾಸಗಳಾಗಿದ್ದರೆ ಸುಮ್ಮನಿರಬೇಕು. ಮೇಲ್‌ನ ತಲೆಬರಹದಲ್ಲಿ ‘ಬಲ್ಕ್’, ‘ಜಂಕ್’ ಎಂಬ ಗುರುತಿದ್ದರೂ ಅಷ್ಟೆ.

ಇಷ್ಟೊಂದು ಎಚ್ಚರಿಕೆ ಏಕೆ? ನೀವೂ ನಾನೂ ಒಟ್ಟಿಗೆ ರಜೆ ಹಾಕಿದ್ದೇವೆ ಎನ್ನಿ. ನನ್ನ ಯಂತ್ರ ನಿಮಗೆ ‘ಊರಲ್ಲಿಲ್ಲ’ ಎನ್ನುತ್ತದೆ. ನಿಮ್ಮದು ನನಗೆ ‘ನಾನೂ ಇಲ್ಲ’ ಎನ್ನುತ್ತದೆ. ಅದಕ್ಕೆ ನನ್ನದು ಮತ್ತೆ ಉತ್ತರಿಸುತ್ತದೆ. ಡಿಸ್ಕ್ ತುಂಬುವವರೆಗೆ ಇದು ನಿಲ್ಲುವುದಿಲ್ಲ. ನೂರಾರು ಜನರ ಮೇಲಿಂಗ್ ಲಿಸ್ಟ್‌ನಲ್ಲಿ ಒಬ್ಬರ ಯಂತ್ರ ಹೀಗೆ ಮಾತಿಗಿಳಿದರೆ ಪ್ರತಿ ಉತ್ತರವೂ ಎಲ್ಲರಿಗೂ ಹೋಗಿ, ಆ ಯಂತ್ರಕ್ಕೂ ಮರಳಿ ಬರುತ್ತದೆ.

ಈ ಅಪಾಯವನ್ನು ಇಮೇಲ್‌ನ ನಿಯಮ ಬರೆದವರು ಮೊದಲೇ ಕಂಡಿದ್ದರು. 1982ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ನಿಯಮಾವಳಿಯಲ್ಲಿ ಒಂದು ಉಪಾಯವಿದೆ. ಮೇಲ್ ತಲುಪಲಿಲ್ಲ ಎಂದು ತಿಳಿಸುವ ಸೂಚನೆಯನ್ನು ಹಿಂತಿರುಗುವ ವಿಳಾಸವನ್ನೇ ಖಾಲಿ ಬಿಟ್ಟು ಕಳಿಸಬಹುದು. ವಿಳಾಸವಿಲ್ಲದ ಮೇಲೆ ಮರು ಉತ್ತರ ಎಲ್ಲಿಗೆ ಹೋದೀತು? ಸ್ವಯಂಚಾಲಿತ ಉತ್ತರಗಳಿಗೆಂದೇ ಒಂದು ಸಂಹಿತೆ ಬರಲು 2004 ಆಗಬೇಕಾಯಿತು. ಕೀತ್ ಮೂರ್ ಬರೆದ ಆರ್‌ಎಫ್‌ಸಿ 3834, ಯಂತ್ರ ಬರೆದ ಉತ್ತರದ ಮೇಲೆ ‘ಆಟೋ ಸಬ್ಮಿಟೆಡ್’ ಎಂಬ ಗುರುತು ಹಾಕಬೇಕೆಂದಿತು. ಆ ಗುರುತನ್ನು ಕಂಡ ಇನ್ನೊಂದು ಯಂತ್ರ ಬಾಯಿ ಮುಚ್ಚಿಕೊಳ್ಳುತ್ತದೆ.

ಯಂತ್ರಕ್ಕೆ ಯಂತ್ರದ ಗುರುತು ಸಿಕ್ಕಿತು. ಮನುಷ್ಯನ ಪಾಡು ಬೇರೆ. 2008ರಲ್ಲಿ ವೇಲ್ಸ್‌ನ ಸ್ವಾನ್ಸಿ ನಗರಸಭೆಯವರು ಭಾರೀ ವಾಹನಗಳಿಗೆ ಪ್ರವೇಶವಿಲ್ಲ ಎಂಬ ಫಲಕ ಬರೆಸಬೇಕಿತ್ತು. ಅಲ್ಲಿ ಫಲಕಗಳು ಇಂಗ್ಲಿಷ್, ವೆಲ್ಷ್ ಎರಡರಲ್ಲೂ ಇರಬೇಕು. ಅನುವಾದಕ್ಕೆ ಮೇಲ್ ಹೋಯಿತು, ಕೂಡಲೇ ವೆಲ್ಷ್‌ನಲ್ಲಿ ಉತ್ತರ ಬಂತು, ಅದನ್ನೇ ಅಚ್ಚು ಹಾಕಿಸಿ ರಸ್ತೆ ಬದಿಗೆ ನಿಲ್ಲಿಸಿದರು. ವೆಲ್ಷ್ ಬಲ್ಲವರು ಓದಿದರೆ ಅದರಲ್ಲಿದ್ದದ್ದು: ನಾನು ಸದ್ಯ ಕಚೇರಿಯಲ್ಲಿಲ್ಲ, ಅನುವಾದದ ಕೆಲಸವಿದ್ದರೆ ಕಳಿಸಿ. ಜಗತ್ತೆಲ್ಲ ನಕ್ಕಿತು. ಪರವೂರಿನ ಬ್ಯಾಂಕಿನಲ್ಲೋ ರೈಲಿನಲ್ಲೋ ತಪ್ಪು ತಪ್ಪಾದ ಕನ್ನಡ ಫಲಕ ಕಂಡಾಗಲೆಲ್ಲ ನನಗೆ ಆ ನಗುವಿನ ಜೊತೆಗೆ ಸಂಕಟವೂ ನೆನಪಾಗುತ್ತದೆ. ಉತ್ತರ ಬಂದಿದೆ ಎಂಬುದನ್ನಷ್ಟೇ ನೋಡಿದರು, ಏನು ಬಂದಿದೆ ಎಂದು ಓದಬಲ್ಲವರನ್ನು ಕೇಳಲಿಲ್ಲ.

2015ರ ನವೆಂಬರ್‌ನಲ್ಲಿ ಗೂಗಲ್ ‘ಸ್ಮಾರ್ಟ್ ರಿಪ್ಲೈ’ ತಂದಿತು. ಬಂದ ಮೇಲನ್ನು ಓದಿ ಮೂರು ಚುಟುಕು ಉತ್ತರಗಳನ್ನು ಅದು ಮುಂದಿಡುತ್ತದೆ. ಮೊದಮೊದಲ ಮಾದರಿ ಯಾವ ಮೇಲ್ ಬಂದರೂ ‘ಐ ಲವ್ ಯೂ’ ಎಂದು ಸೂಚಿಸುತ್ತಿತ್ತೆಂದು ಅದನ್ನು ಕಟ್ಟಿದವರೇ ಬರೆದಿದ್ದಾರೆ. ಜನ ಹೆಚ್ಚಾಗಿ ಬಳಸುವ ಮಾತು ಅದು. ಏನು ಹೇಳಬೇಕೆಂದು ತೋಚದಾಗ ಯಂತ್ರ ಅದನ್ನೇ ಹಿಡಿಯುತ್ತಿತ್ತು. ಆದರೂ ಅಲ್ಲೊಂದು ವಿವೇಕವಿತ್ತು: ಕಳಿಸುವ ಬಟನ್ ಒತ್ತುವುದು ಮನುಷ್ಯ.

ನನ್ನ ಸ್ಕ್ರಿಪ್ಟ್ ಇಂದಿಗೂ ಇದೆ. ಈಗ ಅದು ನೂರು ಸಾಲು ದಾಟಿದೆ. ಉತ್ತರಿಸುವ ಸಾಲುಗಳು ಹೆಚ್ಚಿಲ್ಲ, ಸುಮ್ಮನಿರುವ ಸಾಲುಗಳು ಬೆಳೆದಿವೆ. ‘ಆಟೋ ಸಬ್ಮಿಟೆಡ್’ ಇದ್ದರೆ ಬಿಡು. ಇದೇ ವಾರ ಉತ್ತರಿಸಿದ್ದರೆ ಬಿಡು. ಪಾಸ್‌ವರ್ಡ್, ಬಿಲ್, ಲಾಗಿನ್‌ನಂಥ ಗುರುತಿನ ವಿಷಯಗಳಿಗಷ್ಟೇ ಉತ್ತರಿಸು. ಉಳಿದದ್ದನ್ನೆಲ್ಲ ಮುಟ್ಟದೆ ನಮ್ಮಲ್ಲೊಬ್ಬರು ಓದಲೆಂದು ಎತ್ತಿಡು. ಇದರಿಂದ ದಿನಕ್ಕೆ ಅರ್ಧ ಗಂಟೆ ನಮ್ಮ ಕೈಯಿಂದ ಹೋಗುತ್ತದೆ. ಹೋಗಲಿ ಎಂದು ಟೀಮಿನವರೆಲ್ಲ ಒಪ್ಪಿದ್ದಾರೆ.

ದೀಪಾವಳಿಗೆ ಊರಿನ ಬಸ್ಸು ಹತ್ತುವ ಮುನ್ನ ನೀವೂ ಜಿಮೇಲ್‌ನ ರಜೆ ಉತ್ತರ ಹಾಕಿಡುವವರೇ ಇರಬಹುದು. ಅದರ ಕೆಳಗಡೆ ‘ನನ್ನ ಪರಿಚಯದವರಿಗೆ ಮಾತ್ರ’ ಎಂಬರ್ಥದ ಪುಟ್ಟ ಚೌಕವಿದೆ. ಆಲ್‌ಮನ್ ಕಾಲದಿಂದ ಬೆಳೆದುಬಂದ ಆ ಎಚ್ಚರದಲ್ಲಿ ನಮ್ಮ ಕೈಗೆ ಬಿಟ್ಟಿರುವುದು ಅದೊಂದೇ. ಗುರುತು ಹಾಕಿ ಹೊರಡಿ.